ರಮ್ಸಿಯ ಸನ್ಯಾಸಿನಿಯರು

ಇಂಗ್ಲೆಂಡಿನ ರಮ್ಸಿ ಊರಿಗೆ ನಮ್ಮವರು ಹೋಗುವುದು ಮೌಂಟ್‌ಬ್ಯಾಟನ್ ಸಮಾಧಿ ನೋಡೋಕೆ. ನಾವೂ ಅದಕ್ಕೇ ಹೋದದ್ದು. 1979ರಲ್ಲಿ ಅವರನ್ನು ಅಲ್ಲಿನ ಅಬೆ ಚರ್ಚಿನೊಳಗೆ, ಅಂದರೆ ಹಿಂದೆ ಸನ್ಯಾಸಿನಿಯರ ಮಠದ್ದಾಗಿದ್ದ ಚರ್ಚಿನೊಳಗೆ, ಮಣ್ಣು ಮಾಡಿದರು. ನೆಲದಲ್ಲೊಂದು ಕಲ್ಲು, ಅಷ್ಟೆ. ಎರಡು ನಿಮಿಷದಲ್ಲಿ ನೋಡಿ ಮುಗಿಯಿತು. ಆದರೂ ಸಂಜೆವರೆಗೆ ನಾವು ಅಲ್ಲಿಂದ ಕದಲಲಿಲ್ಲ.

ಭಾನುವಾರ ಬೆಳಗ್ಗೆ ಮಾತ್ರ ಹೋಗಬೇಡಿ. ಟಿಕೆಟ್ ಮಾಡಿಕೊಟ್ಟವನು ‘ಭಾನುವಾರ ಆರಾಮಾಗಿ ನೋಡಬಹುದು’ ಅಂದಿದ್ದ. ರೈಲು ರದ್ದಾಗಿ ಬಸ್ಸಿಗೆ ಹತ್ತಿಸಿದರು. ತಲುಪಿದಾಗ ಒಳಗೆ ಪ್ರಾರ್ಥನೆ, ಹೊರಗೆ ಮಳೆ. ಕೊಡೆ ಹಿಡಿದು ಚರ್ಚಿಗೆ ಸುತ್ತು ಹಾಕಿದೆವು. ಹಿಂಬದಿಯ ಹೊರಗೋಡೆಯಲ್ಲಿ ಆಳೆತ್ತರದ ಕಲ್ಲಿನ ಯೇಸು ಇದ್ದಾನೆ. ಸಾವಿರ ವರ್ಷದಷ್ಟು ಹಳೆಯ ಕೆತ್ತನೆ. ಕಣ್ಣು ತೆರೆದಿವೆ, ಕೈಗಳು ನೆಟ್ಟಗೆ ಚಾಚಿವೆ, ತಲೆಯ ಮೇಲೆ ಮೋಡದಿಂದ ದೇವರ ಕೈ ಇಳಿದಿದೆ. ಪಕ್ಕದಲ್ಲೇ ಮಠದ ಅಂಗಳದಿಂದ ಚರ್ಚಿಗೆ ಬರುವ ಬಾಗಿಲು. ಸನ್ಯಾಸಿನಿಯರ ಮುಖ್ಯಸ್ಥೆ, ಅಂದರೆ ಅಬೆಸ್, ಬರುತ್ತಿದ್ದದ್ದು ಅದರಲ್ಲೇ.

ಒಳಗೆ ಒಬ್ಬ ಅಜ್ಜಿ ಬಂದವರಿಗೆ ದಾರಿ ತೋರಿಸುತ್ತಿದ್ದರು. ‘ಇಂಡಿಯಾದವರಾ? ಮೌಂಟ್‌ಬ್ಯಾಟನ್ ಆ ಕಡೆ’ ಅಂದರು. ನೋಡಿ ಆಯಿತು, ಸನ್ಯಾಸಿನಿಯರ ಬಗ್ಗೆ ಹೇಳಿ ಅಂದೆ. ಅವರ ಮುಖ ಅರಳಿತು.

907ರಲ್ಲಿ ರಾಜ ಎಡ್ವರ್ಡ್ ಮಗಳಿಗಾಗಿ ಕಟ್ಟಿಸಿದ ಮಠ. 967ರಲ್ಲಿ ರಾಜ ಎಡ್ಗರ್ ಇಲ್ಲಿಗೆ ಬೆನೆಡಿಕ್ಟನ ನಿಯಮ, ಅಂದರೆ ಸಂತ ಬೆನೆಡಿಕ್ಟ್ ಮಠವಾಸಿಗಳಿಗೆ ಬರೆದ ಕಟ್ಟುಪಾಡು, ತಂದ. ಇಷ್ಟನ್ನು ಬೇಗ ಮುಗಿಸಿ ಅಜ್ಜಿ ಈಡಿತ್ ಕತೆಗೆ ಬಂದರು. ಸ್ಕಾಟ್ಲೆಂಡ್ ರಾಜನ ಮಗಳು. ಚಿಕ್ಕಮ್ಮ ಕ್ರಿಸ್ಟಿನಾ ಇಲ್ಲಿ ಸನ್ಯಾಸಿನಿ. ಆಗ ಇಂಗ್ಲೆಂಡನ್ನು ಗೆದ್ದು ಆಳುತ್ತಿದ್ದ ನಾರ್ಮನ್ ಗಂಡಸರ ಕಣ್ಣು ಬೀಳದಿರಲಿ ಅಂತ ಆಕೆ ಹುಡುಗಿಯ ತಲೆಗೆ ಕಪ್ಪು ಮುಸುಕು ಹಾಕುತ್ತಿದ್ದಳು, ತೆಗೆದರೆ ಹೊಡೆಯುತ್ತಿದ್ದಳು. ಚಿಕ್ಕಮ್ಮ ಮರೆಯಾದ ಕೂಡಲೇ ಹುಡುಗಿ ಅದನ್ನು ಕಿತ್ತು ನೆಲಕ್ಕೆಸೆದು ತುಳಿಯುತ್ತಿದ್ದಳು. ಅಜ್ಜಿ ಕಾಲು ಎತ್ತಿ ತುಳಿದು ತೋರಿಸಿದರು! 1100ರಲ್ಲಿ ರಾಜ ಹೆನ್ರಿ ಅವಳನ್ನು ಮದುವೆಯಾಗಲು ಬಂದಾಗ ‘ಸನ್ಯಾಸಿನಿ ಅಲ್ವಾ?’ ಎಂಬ ತಕರಾರು ಎದ್ದಿತು. ಆಗ ಆರ್ಚ್‌ಬಿಷಪ್ ಆನ್ಸೆಲ್ಮ್ ಮುಂದೆ ಅವಳೇ ಮುಸುಕಿನ ಈ ಕತೆ ಹೇಳಿದಳಂತೆ. ಮದುವೆ ಆಯಿತು, ರಾಣಿಯಾದಳು.

ಅರವತ್ತು ವರ್ಷದ ನಂತರ ಇದಕ್ಕೆ ತದ್ವಿರುದ್ಧ. ಅಬೆಸ್ ಆಗಿದ್ದ ಮೇರಿ, ರಾಜ ಸ್ಟೀಫನ್ ಮಗಳು. ಫ್ರಾನ್ಸಿನ ಬೊಲೋನ್ ಸೀಮೆ ಅವಳ ಪಾಲಿಗೆ ಬಂತು ಅಂತ ಮಠದಿಂದ ಹೊರತಂದು ಮದುವೆ ಮಾಡಿಸಿದರು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಅವಳು ಫ್ರಾನ್ಸಿನ ಒಂದು ಮಠ ಸೇರಿದಳು. ಒಬ್ಬಳಿಗೆ ಮುಸುಕು ಬೇಡವಾಗಿತ್ತು, ಇನ್ನೊಬ್ಬಳಿಂದ ಅದನ್ನು ಕಸಿದರು. ಎರಡೂ ಕಡೆ ತೀರ್ಮಾನ ಬೇರೆಯವರದ್ದೇ. ನನಗೆ ತುಂಬ ಸಂಕಟವಾಯಿತು.

ಇನ್ನೊಂದು ಸಂಗತಿ ನನಗೆ ಬಲು ಇಷ್ಟ. 1387ರಲ್ಲಿ ಬಿಷಪ್ ವಿಕಮ್‌ನ ವಿಲಿಯಂ ಇಲ್ಲಿಗೆ ತಾಕೀತು ಕಳಿಸಿದ: ಸನ್ಯಾಸಿನಿಯರು ಚರ್ಚಿಗೆ ಹಕ್ಕಿ, ಮೊಲ, ಬೇಟೆನಾಯಿ ತರುತ್ತಿದ್ದಾರೆ, ಗಮನ ಪ್ರಾರ್ಥನೆಗಿಂತ ಅವುಗಳ ಮೇಲೇ ಜಾಸ್ತಿ! ಬೈಗುಳದ ಆ ಕಾಗದದಲ್ಲೇ ಆ ಹೆಂಗಸರು ಜೀವಂತ ಕಾಣುತ್ತಾರೆ. ದಾನಪತ್ರಗಳಲ್ಲಿ ಇದು ಸಿಗುವುದಿಲ್ಲ.

1539ರಲ್ಲಿ ಎಂಟನೇ ಹೆನ್ರಿ ಮಠ ಮುಚ್ಚಿಸಿದ. ಸನ್ಯಾಸಿನಿಯರ ವಾಸದ ಕಟ್ಟಡಗಳು ಉಳಿದಿಲ್ಲ. ಚರ್ಚಿನ ಒಂದು ಪಕ್ಕವನ್ನು ಊರವರು ಮೊದಲಿಂದಲೂ ಬಳಸುತ್ತಿದ್ದರು. 1544ರಲ್ಲಿ ಅವರೇ 100 ಪೌಂಡ್ ಕೊಟ್ಟು ಇಡೀ ಚರ್ಚು ಕೊಂಡುಕೊಂಡರು. ಆ ಕ್ರಯಪತ್ರ ಈಗಲೂ ಒಳಗಿದೆ, ಅಜ್ಜಿ ಕೈಹಿಡಿದು ಕರೆದೊಯ್ದು ತೋರಿಸಿದರು. ನೀವೂ ಮೌಂಟ್‌ಬ್ಯಾಟನ್ ನೋಡಿದ ತಕ್ಷಣ ಹೊರಡಬೇಡಿ, ಯಾರನ್ನಾದರೂ ಆ ಕ್ರಯಪತ್ರ ಎಲ್ಲಿದೆ ಅಂತ ಕೇಳಿ.