ಇಳಕಲ್ಲಿನ ಕುಣಿಮಗ್ಗ ನೋಡಿ ಬಂದೆ

ಎರಡು ವರ್ಷ ನಾನೂ, ನಾನು ಅಣ್ಣ ಅಂತ ಕರೆಯೋ ಒಬ್ಬ ನೇಕಾರರೂ ಬರೀ ಫೋನಿನಲ್ಲೇ ವ್ಯಾಪಾರ ಮಾಡಿದ್ದೆವು. ನಾನು ಬೆಂಗಳೂರಿನಲ್ಲಿ ಮನೆಯಿಂದಲೇ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಕೈಮಗ್ಗದ ಸೀರೆ ಮಾರುತ್ತೇನೆ. ಅವರು ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯುತ್ತಾರೆ. ಫೋಟೋ ಬರುತ್ತಿತ್ತು, ನಾನು ಬಣ್ಣ ಆರಿಸುತ್ತಿದ್ದೆ, ಪಾರ್ಸೆಲ್ ಬರುತ್ತಿತ್ತು, ಸೀರೆ ಮಾರಿದ ಮೇಲೆ ದುಡ್ಡು ಕಳಿಸುತ್ತಿದ್ದೆ. ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವರ ಪ್ರೊಫೈಲ್‌ನಲ್ಲಿ ಇದ್ದದ್ದು ಮಠದ ಅಜ್ಜಾರ ಫೋಟೋ.

ಹೋದ ವರ್ಷ ದಸರಾ ಹೊತ್ತಿಗೆ ಎಲ್ಲಾ ಮುರಿದು ಹೋಗೋ ಹಾಗಾಯಿತು. 12 ಸೀರೆ ಹೇಳಿದ್ದೆ, "ಆತ್ರಿ" ಅಂದಿದ್ದರು, ಬಂದದ್ದು 5. ಮುಂಗಡ ಕೊಟ್ಟಿದ್ದ 7 ಜನಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಸಮಾಧಾನ ಹೇಳಿ, ದುಡ್ಡು ವಾಪಸ್ ಕೊಟ್ಟೆ. ಅದರಲ್ಲಿ ಒಬ್ಬರು ಮಗಳ ಸೀಮಂತಕ್ಕೆ ಅಂತ ಹೇಳಿಟ್ಟಿದ್ದರು, ಅವರ ದನಿ ಕೇಳಿ ನನಗೆ ಅಳು ಬಂತು. ಬಂದ ಐದರಲ್ಲೂ ಒಂದು ನಾನು ಹೇಳಿದ ಅರಿಶಿನ ಬಣ್ಣವಲ್ಲ, ಸಾಸಿವೆ ಬಣ್ಣಕ್ಕೆ ತಿರುಗಿತ್ತು. ಯಾಕೆ ಹೀಗೆ ಅಂತ ಕೇಳಿದರೆ ಒಂದೇ ಉತ್ತರ: "ಮಳಿ ಐತ್ರಿ ಮೇಡಮ್ಮಾರ." ಮನೆಯೊಳಗೆ ಕೂತು ನೇಯೋರಿಗೆ ಮಳೆ ಏನು ಮಾಡುತ್ತೆ? ಸುಮ್ನೆ ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ಇನ್ನು ನಿಮ್ಮ ಸೀರೆ ಬೇಡ ಅಂತ ಮೆಸೇಜ್ ಕೂಡ ಬರೆದಿದ್ದೆ. ಕಳಿಸೋ ಮೊದಲು ಅಮ್ಮ ತಡೆದರು. "ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬಾ. ಆಮೇಲೆ ಬಿಡೋದಾದ್ರೆ ಬಿಡು" ಅಂದರು.

ನವೆಂಬರ್‌ನಲ್ಲಿ ರಾತ್ರಿ ಬಸ್ಸು ಹತ್ತಿದೆ. ಹೊಸಪೇಟೆ ದಾಟಿ, ಕುಷ್ಟಗಿ ದಾಟಿ, ಬೆಳಗ್ಗೆ ಇಳಕಲ್‌ನಲ್ಲಿ ಇಳಿದಾಗ ಅವರ ಮಗ ಬೈಕ್ ತಂದು ನಿಂತಿದ್ದ. ಕಾಲೇಜು ಹುಡುಗ. ಫೋನು ಅವನದೇ ಅಂತ ಗೊತ್ತಾಗಿದ್ದೇ ಆಗ. ಅಪ್ಪನ ಹತ್ತಿರ ಇರೋದು ಬಟನ್ ಫೋನು. ನಾನು ಹಾಕಿದ ಮೆಸೇಜು, ಫೋಟೋ ಎಲ್ಲಾ ಇವನು ಸಂಜೆ ಮನೆಗೆ ಬಂದ ಮೇಲೆ ಓದಿ ಹೇಳಬೇಕು. ಬೆಳಗ್ಗೆ ಕೇಳಿದ್ದಕ್ಕೆ ರಾತ್ರಿ ಉತ್ತರ ಬರುತ್ತೆ, ಅಸಡ್ಡೆ ಅಂತ ನಾನು ಎಷ್ಟು ಸಲ ಸಿಟ್ಟು ಮಾಡಿಕೊಂಡಿದ್ದೆ!

ಮನೆ ಚಿಕ್ಕದು. ಒಳಗೆ ಎರಡು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯೋದು. ಕಾಲಿನಿಂದ ತುಳಿಯೋ ಹಲಗೆಗಳು ಗುಂಡಿಯೊಳಗೇ ಇರುತ್ತವೆ. ಅಣ್ಣ ಎದ್ದು ಬಂದು ಕೈ ಮುಗಿದರು, ನೀರು ಕೊಟ್ಟರು. ದಸರಾ ವಿಷಯ ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಕುಣಿಯೊಳಗೆ ಬಗ್ಗಿ ನೋಡಿದೆ. ಒಳಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಒಂದು ಗೆರೆ ಇತ್ತು. ಕೆಳಗೆ ಕಪ್ಪು, ಮೇಲೆ ಬಿಳಿ. ಇದೇನು ಅಂತ ಕೇಳಿದೆ.

"ನೀರು ನಿಂತಿದ್ದ ಗುರ್ತರಿ. ಮಳಿ ಜೋರಾತಂದ್ರ ಕುಣ್ಯಾಗ ನೀರು ಒಸರ್ತಾವ್ರಿ. ತೋಡಿ ಹಾಕಿದ್ರ ಮತ್ತ ಬರ್ತಾವು. ಎಳಿನೂ ಥಂಡಿ ಹಿಡಿತಾವ್ರಿ."

ನನಗೆ ಮಾತೇ ಹೊರಡಲಿಲ್ಲ. ಅವರು ನೆಪ ಹೇಳಿರಲಿಲ್ಲ. ಇದ್ದದ್ದನ್ನೇ ಹೇಳಿದ್ದರು. ಕುಣಿ ನೋಡದ ನನಗೆ ಅದು ಅರ್ಥ ಆಗಿರಲಿಲ್ಲ ಅಷ್ಟೇ.

ಮಧ್ಯಾಹ್ನದವರೆಗೆ ಅವರ ಹೆಂಡತಿ ಪಕ್ಕ ಕೂತಿದ್ದೆ. ಅವರು ಕೊಂಡಿ ಹಾಕುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಒಂದೊಂದೇ ಎಳೆ, ಇಡೀ ಸೀರೆಯ ಅಗಲಕ್ಕೆ. ಹೀಗೆ ಜೋಡಿಸಿದ ಈ ಸೆರಗಿಗೇ ತೋಪು ತೆನಿ ಸೆರಗು ಅನ್ನೋದು. ಈ ಮಾತನ್ನು ನಾನು ಎಷ್ಟೋ ಸೀರೆಯ ಫೋಟೋ ಕೆಳಗೆ ಬರೆದಿದ್ದೇನೆ. ಆದರೆ ಒಂದು ಸೀರೆ ಮುಗಿದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕೊಂಡಿ ಹಾಕಬೇಕು, ಹಾಗಾಗಿ "ಅರ್ಜೆಂಟಾಗಿ ಇನ್ನೊಂದೆರಡು ಸೇರಿಸಿ" ಅಂತ ನಾನು ಹಾಕುವ ಒಂದು ಸಾಲಿನ ಮೆಸೇಜು ಈ ಹೆಂಗಸಿನ ಬೆರಳಿಗೆ ಎಷ್ಟು ಕೆಲಸ ತರುತ್ತೆ ಅಂತ ಅಲ್ಲಿ ಕೂತಾಗಲೇ ಕಂಡಿದ್ದು. ನೇಯ್ದು ಮುಗಿದ ಒಂದು ಸೀರೆ ಕೊಟ್ಟು, ಒಡಲು ಸೆರಗು ಸೇರೋ ಜಾಗದಲ್ಲಿ ಬೆರಳು ಆಡಿಸಿ ನೋಡಿ ಅಂದರು. ಸಣ್ಣಗೆ ಉಬ್ಬಿದ ಗೆರೆಯೊಂದು ಬೆರಳಿಗೆ ತಾಗಿತು. ಈಗ ಗಿರಾಕಿಗಳಿಗೂ ಅದನ್ನೇ ಹೇಳುತ್ತೇನೆ, ಸೀರೆ ಬಂದ ತಕ್ಷಣ ಮೊದಲು ಅಲ್ಲಿ ಬೆರಳಿಡಿ ಅಂತ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಮುಂದೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. "ಅಣ್ಣ, ದಸರಾಕ್ಕೆ 12 ಆಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ವಾ? ಮತ್ತೆ ಯಾಕೆ ಆತ್ರಿ ಅಂದ್ರಿ?"

ಅವರು ರೊಟ್ಟಿ ಮುರಿಯೋದು ನಿಲ್ಲಿಸಿದರು. "ನೀವು ಕೇಳಿದ್ರಿ, ಕೇಳಿಸ್ಕೊಂಡೆ, ಆತ್ರಿ ಅಂದೆ. ಫೋನ್‌ನ್ಯಾಗ ಒಲ್ಲೆ ಅಂತ ಹೆಂಗ ಹೇಳೂದ್ರಿ? ನೀವು ಬ್ಯಾರೆ ಕಡೆ ಹೋದ್ರ?"

ಎರಡು ವರ್ಷ ನಾನು ಆ ಮಾತನ್ನು ಒಪ್ಪಿಗೆ ಅಂತ ತಿಳಿದಿದ್ದೆ. ಅವರ ಮಟ್ಟಿಗೆ ಅದು "ಕೇಳಿಸಿತು" ಅಂತ ಮಾತ್ರ. ಎದುರಿಗೆ ಕೂತಿದ್ದರೆ ಆ ಮಾತು ಹೇಳುವಾಗ ಅವರ ಕಣ್ಣು ಕೆಳಗೆ ಹೋಗೋದು ನನಗೆ ಕಾಣುತ್ತಿತ್ತು. ಆವತ್ತು ಕಂಡಿತು. ನೂಲಿನ ಅಂಗಡಿಯಲ್ಲಿ ಅವರ ಸಾಲ ಇದೆ, ಸೀರೆ ಮಾರಿದ ಮೇಲೆ ನಾನು ಕೊಡೋ ದುಡ್ಡಿಗೆ ಅವರು ತಿಂಗಳುಗಟ್ಟಲೆ ಕಾಯುತ್ತಾರೆ ಅನ್ನೋದೂ ಆವತ್ತೇ ಹೊರಗೆ ಬಂತು, ಅದೂ ಅವರ ಹೆಂಡತಿಯ ಬಾಯಿಂದ. ಈಗ ಅರ್ಧ ದುಡ್ಡು ಮೊದಲೇ ಕಳಿಸುತ್ತೇನೆ. ದೊಡ್ಡ ಉಪಕಾರವೇನಲ್ಲ, ಮೊದಲಿನಿಂದಲೇ ಹಾಗೆ ಮಾಡಬೇಕಿತ್ತು.

ಬಣ್ಣದ ತೊಂದರೆಗೆ ಮಗನೇ ದಾರಿ ಹುಡುಕಿದ. ಕುಣಿ ಇರೋ ಕೋಣೆಯಲ್ಲಿ ಬೆಳಕು ಕಮ್ಮಿ, ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಎಲ್ಲಾ ಬಣ್ಣಕ್ಕೂ ಹಳದಿ ಬಡಿಯುತ್ತೆ. ಅದನ್ನೇ ನೋಡಿ ನಾನು ಬಣ್ಣ ಆರಿಸುತ್ತಿದ್ದೆ! ಅವನು ಎರಡು ನೋಟ್‌ಬುಕ್ ತಂದ. ಮನೆಯಲ್ಲಿದ್ದ ಪ್ರತಿ ನೂಲಿನಿಂದ ಎರಡೆರಡು ತುಂಡು ಕತ್ತರಿಸಿ, ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ನಂಬರ್ ಬರೆದೆವು. ಒಟ್ಟು 34 ಬಣ್ಣ. ಒಂದು ಪುಸ್ತಕ ಅವರ ಗೂಡಿನಲ್ಲಿ, ಇನ್ನೊಂದು ನನ್ನ ಮೇಜಿನ ಮೇಲೆ. ಈಗ ನಾನು ಅರಿಶಿನ ಅನ್ನಲ್ಲ, 11 ಅನ್ನುತ್ತೇನೆ.

ಸಂಜೆ ಬಸ್ ಸ್ಟ್ಯಾಂಡಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ರೊಟ್ಟಿ, ಚಟ್ನಿ ಬುತ್ತಿ ಕಟ್ಟಿ ಕೈಗಿಟ್ಟು, "ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ ಅಕ್ಕಾರ" ಅಂದರು. ಬೆಳಗ್ಗೆ ಬಂದಾಗ ನಾನು ಮೇಡಮ್ಮಾರ ಆಗಿದ್ದೆ.

ಹೋದ ವಾರ ಒಂದು ಮದುವೆ ಮನೆಯವರು 8 ಸೀರೆ ಕೇಳಿದರು, ಒಂದೇ ತಿಂಗಳಲ್ಲಿ ಬೇಕಂತೆ. ಸಂಜೆ ಮಗ ಬರೋ ಹೊತ್ತಿಗೆ ಫೋನ್ ಮಾಡಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆಗಂಗಿಲ್ರಿ ಅಕ್ಕಾರ. ನಾಕು ಕೊಡ್ತೀನಿ. ಉಳಿದ ನಾಕಕ್ಕ ಇನ್ನೊಂದು ತಿಂಗಳು ಬೇಕ್ರಿ" ಅಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ "ಆಗಲ್ಲ" ಅನ್ನೋ ಮಾತು ಕೇಳಿದ್ದು ಅದೇ ಮೊದಲು. ತಕ್ಷಣ ಮದುವೆ ಮನೆಯವರಿಗೆ ಫೋನ್ ಮಾಡಿ ಹಾಗೇ ಹೇಳಿದೆ. ಅವರು ನಾಲ್ಕಕ್ಕೆ ಒಪ್ಪಿದರು.