ಒಂದೇ ಟೇಬಲ್, ಮೂವರ ಗಂಟೆ: ಕಾರ್ಖಾನೆಯಲ್ಲಿ ಸಮಯ ಬರೆದಿಡುವ ಬಗ್ಗೆ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ಉತ್ಪಾದನೆಯ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ದಾಲ್ ಮಿಲ್ಲುಗಳಿಗೆ ಬೇಕಾದ, ಕಾಳನ್ನು ಮೇಲಕ್ಕೆತ್ತುವ ಬಕೆಟ್ ಎಲಿವೇಟರ್, ಮುಂದಕ್ಕೆ ಸಾಗಿಸುವ ಸ್ಕ್ರೂ ಕನ್ವೇಯರ್, ಕಾಳು ತುಂಬುವ ಹಾಪರ್, ಜಾರಿಸುವ ಚೂಟ್ ತಯಾರಿಸುತ್ತೇವೆ. ಸವೆದ ರೋಲರ್‌ಗಳಿಗೆ ಹೊಸದಾಗಿ ಎಮರಿ, ಅಂದರೆ ಕಾಳಿನ ಸಿಪ್ಪೆ ತೆಗೆಯುವ ಒರಟು ಲೇಪ, ಹಚ್ಚಿಕೊಡುತ್ತೇವೆ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆ ಇದು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹೊಲದಲ್ಲಿ ರಾಶಿ ಮುಗಿದು ಮಿಲ್ಲುಗಳು ಹಗಲಿರುಳು ಓಡತೊಡಗಿದರೆ ನಮಗೂ ಬಿಡುವಿರುವುದಿಲ್ಲ.

ನಮ್ಮ ಶೆಡ್ಡಿನ ನಡುವೆ ದೊಡ್ಡದೊಂದು ಕಬ್ಬಿಣದ ಟೇಬಲ್ ಇದೆ. ಎಲಿವೇಟರಿನ ತಲೆಭಾಗ, ಬೂಟ್ ಎನ್ನುವ ಬುಡಭಾಗ, ಇವೆರಡರ ನಡುವಿನ ಉದ್ದನೆಯ ಕಾಲುಗಳು ಎಲ್ಲವೂ ಅದರ ಮೇಲೆಯೇ ಜೋಡಣೆಯಾಗುತ್ತವೆ. ಅಲ್ಲಿ ಒಬ್ಬನೇ ನಿಂತು ಕೆಲಸ ಮುಗಿಸುವುದು ಅಪರೂಪ. ಫಿಟ್ಟರ್ ಅಳತೆ ಹಿಡಿದು, ತುಂಡುಗಳು ಅಲುಗದಂತೆ ಅಲ್ಲಲ್ಲಿ ಚಿಕ್ಕ ಬೆಸುಗೆಯ ಟ್ಯಾಕ್ ಹಾಕುತ್ತಾನೆ, ನಡುವೆ ವೆಲ್ಡರ್ ಬಂದು ಬೆಸುಗೆ ಮುಗಿಸಿ ಇನ್ನೊಂದು ಕಡೆಗೆ ಹೋಗುತ್ತಾನೆ, ಹೆಲ್ಪರ್ ಮಾತ್ರ ಆರಂಭದಿಂದ ಕೊನೆಯವರೆಗೂ ಹಿಡಿಯುವುದು, ತಿರುಗಿಸುವುದು, ಗ್ರೈಂಡ್ ಮಾಡುವುದು ಎಂದು ನಿಂತೇ ಇರುತ್ತಾನೆ. ಈ ಟೇಬಲ್ಲಿನ ಸಮಯವನ್ನು ಬರೆದಿಡುವುದು ಹೇಗೆ ಎಂಬುದರ ಬಗ್ಗೆ ನಾನು ಕಲಿತದ್ದನ್ನು ಹೇಳುತ್ತೇನೆ. ನಮ್ಮ ಭಾಗದಲ್ಲಿ ಇಂಥ ಸಣ್ಣ ಕಾರ್ಖಾನೆಗಳು ಬಹಳ ಇವೆ, ಹೆಚ್ಚಿನ ಕಡೆ ಲೆಕ್ಕ ತಪ್ಪುವುದು ಇಲ್ಲಿಯೇ.

ಸಾಮಾನ್ಯವಾಗಿ ಒಂದೊಂದು ಕೆಲಸಕ್ಕೂ ಇಡುವ ಜಾಬ್ ಕಾರ್ಡಿನಲ್ಲಿ ಇರುವುದು ಮೂರೇ ಅಂಕಣ: ಕೆಲಸದ ನಂಬರು, ಶುರುವಾದ ಹೊತ್ತು, ಮುಗಿದ ಹೊತ್ತು. ಕಂಪ್ಯೂಟರಿಗೆ ಬಂದ ಮೇಲೂ ಅದೇ ಮೂರು ಅಂಕಣ ಪರದೆಯ ಮೇಲೆ ಬಂದು ಕೂರುತ್ತವೆ, ಜೊತೆಗೆ ಲಾಗಿನ್ ಮಾಡಿದವನ ಹೆಸರು. ಟೇಬಲ್ಲಿಗೆ ಒಂದೇ ಟ್ಯಾಬ್ಲೆಟ್ ಇದ್ದರೆ ಬೆಳಗ್ಗೆ ಮೊದಲು ಬಂದವನ ಹೆಸರಿನಲ್ಲಿಯೇ ಸಂಜೆಯವರೆಗೆ ಎಲ್ಲರ ದುಡಿಮೆಯೂ ದಾಖಲಾಗುತ್ತದೆ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನೋಡಲು ಒಂದು ಮಾದರಿ ಲೆಕ್ಕ ಹಾಕೋಣ. ಫಿಟ್ಟರ್ ಬೆಳಗ್ಗೆ 8ರಿಂದ 12ರವರೆಗೆ ಟೇಬಲ್ಲಿನಲ್ಲಿದ್ದಾನೆ. ಹೆಲ್ಪರ್ ಕೂಡ ಅಷ್ಟೇ ಹೊತ್ತು. ವೆಲ್ಡರ್ 9.30ಕ್ಕೆ ಬಂದು 11ಕ್ಕೆ ಹೋಗಿದ್ದಾನೆ. ಗಂಟೆಗೆ ಫಿಟ್ಟರಿಗೆ 120 ರೂಪಾಯಿ, ವೆಲ್ಡರಿಗೆ 140, ಹೆಲ್ಪರಿಗೆ 70 ಎಂದಿಟ್ಟುಕೊಳ್ಳಿ. ಫಿಟ್ಟರಿನ ಹೆಸರು ಮಾತ್ರ ಬರೆದಿದ್ದರೆ ಕೂಲಿಯ ವೆಚ್ಚ 480 ರೂಪಾಯಿ. ಮೂವರೂ ನಾಲ್ಕು ಗಂಟೆ ಇದ್ದರು ಎಂದು ಒಟ್ಟಾರೆ ಬರೆದರೆ 1,320. ನಿಜವಾಗಿ ಆದದ್ದು 480, 280, 210 ಸೇರಿ 970 ರೂಪಾಯಿ. ಟೇಬಲ್ ಹಿಡಿದದ್ದು ನಾಲ್ಕು ಗಂಟೆ, ಆಳಿನ ಸಮಯ ಒಂಬತ್ತೂವರೆ ಗಂಟೆ. ಇವೆರಡೂ ಬೇರೆ ಬೇರೆ ಅಂಕಿಗಳು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಬರೆಯುವ ಸಾಲು ಯಾವಾಗಲೂ ವ್ಯಕ್ತಿಯದು. ಯಾರು, ಯಾವ ಕೆಲಸಕ್ಕೆ, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಸೇರಿದರು, ಎಷ್ಟು ಹೊತ್ತಿಗೆ ಬಿಟ್ಟರು. ಟೇಬಲ್ಲಿನ ಸಮಯವನ್ನು ಯಾರೂ ಬರೆಯುವುದಿಲ್ಲ. ಅದು ಈ ಸಾಲುಗಳಿಂದ ತಾನಾಗಿ ಹೊರಡುತ್ತದೆ. ಕನಿಷ್ಠ ಒಬ್ಬರಾದರೂ ಅಲ್ಲಿದ್ದ ಹೊತ್ತೆಲ್ಲ ಟೇಬಲ್ ನಡೆಯುತ್ತಿದ್ದ ಹೊತ್ತು. ಒಂದರ ಮೇಲೊಂದು ಬಿದ್ದ ಗಂಟೆಗಳನ್ನು ಒಮ್ಮೆ ಮಾತ್ರ ಎಣಿಸಬೇಕು. ಸಾಫ್ಟ್‌ವೇರ್ ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಲಿ: ಒಂದೇ ಜಾಬ್ ಕಾರ್ಡಿನಲ್ಲಿ ಇಬ್ಬರ ಸಮಯ ಒಂದರ ಮೇಲೊಂದು ಬಿದ್ದರೆ ಅದು ತಪ್ಪು ಎಂದು ತಡೆಯುತ್ತದೆಯೇ, ಒಪ್ಪಿಕೊಳ್ಳುತ್ತದೆಯೇ? ತಡೆಯುವಂಥದ್ದಾದರೆ ಹುಡುಗರು ಅದನ್ನು ದಾಟಿಸಲು ಸುಳ್ಳು ಹೊತ್ತು ಹಾಕತೊಡಗುತ್ತಾರೆ. ಅದೇ ಒಬ್ಬ ವ್ಯಕ್ತಿ ಒಂದೇ ಹೊತ್ತಿನಲ್ಲಿ ಎರಡು ಕಡೆ ಇದ್ದಂತೆ ಬರೆದರೆ ಮಾತ್ರ ತಡೆಯಲೇಬೇಕು.

ಹಾಗೆಂದರೆ ಎರಡು ಮಷೀನು ನೋಡಿಕೊಳ್ಳುವವನ ಗತಿ ಏನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಹ್ಯಾಕ್ಸಾ ಮಷೀನಿಗೆ ಶಾಫ್ಟ್ ಕಟ್ಟಿ ಓಡಿಸಿದರೆ ಅದು ತನ್ನಷ್ಟಕ್ಕೆ ಕೊಯ್ಯುತ್ತಿರುತ್ತದೆ, ಆಪರೇಟರ್ ಅಷ್ಟರಲ್ಲಿ ಪಕ್ಕದ ಡ್ರಿಲ್ಲಿನಲ್ಲಿ ತೂತು ಹಾಕುತ್ತಾನೆ. ಶಾಫ್ಟ್ ಕಟ್ಟಲು 5 ನಿಮಿಷ, ಕೊಯ್ಯಲು 35 ನಿಮಿಷ ಎಂದುಕೊಳ್ಳಿ. ಹ್ಯಾಕ್ಸಾ 40 ನಿಮಿಷ ನಡೆದಂತಾಯಿತು, ಡ್ರಿಲ್ 35 ನಿಮಿಷ. ಮಷೀನುಗಳ ಒಟ್ಟು ಸಮಯ 75 ನಿಮಿಷ, ಮನುಷ್ಯನದು ನಲವತ್ತೇ. ನಾವು ಇಟ್ಟುಕೊಂಡ ನಿಯಮ ಸರಳ: ಕೈ ಎಲ್ಲಿದೆಯೋ ಅಲ್ಲಿಗೆ ಆಳಿನ ಸಮಯ, ಮಷೀನು ಏನನ್ನು ಕೊಯ್ಯುತ್ತಿದೆಯೋ ಅದಕ್ಕೆ ಮಷೀನಿನ ಸಮಯ. ಎರಡೂ ಕಡೆ ಕೈ ಓಡಾಡುತ್ತಿದ್ದರೆ ಸಮನಾಗಿ ಹಂಚುತ್ತೇವೆ. ಅದಕ್ಕಿಂತ ಸೂಕ್ಷ್ಮವಾಗಿ ಅಳೆಯಲು ಹೊರಟರೆ ಅಳೆಯುವ ಖರ್ಚೇ ಕೆಲಸಕ್ಕಿಂತ ಹೆಚ್ಚಾಗುತ್ತದೆ.

ಸೇರುವುದು, ಬಿಡುವುದು ಎಷ್ಟು ಸುಲಭವೋ ದಾಖಲೆ ಅಷ್ಟು ನಿಜ. ಕೈಯಲ್ಲಿ ಗ್ಲೌಸ್, ಮುಖಕ್ಕೆ ವೆಲ್ಡಿಂಗ್ ಶೀಲ್ಡ್ ಇರುವವನು ಪಾಸ್‌ವರ್ಡ್ ಒತ್ತುವುದಿಲ್ಲ, ಒತ್ತಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ನಮ್ಮಲ್ಲಿ ಗುರುತಿನ ಚೀಟಿಯ ಹಿಂದೆ ಬಾರ್‌ಕೋಡ್ ಅಂಟಿಸಿದ್ದೇವೆ. ಒಮ್ಮೆ ತೋರಿಸಿದರೆ ಸೇರಿದಂತೆ, ಮತ್ತೊಮ್ಮೆ ತೋರಿಸಿದರೆ ಬಿಟ್ಟಂತೆ. ಈಗ ಟೇಬಲ್ಲಿನಲ್ಲಿ ಯಾರಿದ್ದಾರೆ ಎಂಬ ಹೆಸರುಗಳು ಪರದೆಯ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ ಕಾಣುತ್ತವೆ. ಕನ್ನಡ ಓದಲು ಬಾರದ ಬಿಹಾರದ ಹುಡುಗರಿಗಾಗಿ ಹೆಸರಿನ ಪಕ್ಕ ಫೋಟೊ ಇದೆ. ಇಷ್ಟೂ ಸೌಲಭ್ಯವಿಲ್ಲದ ಕಾರ್ಖಾನೆಗೆ ಒಂದು ಹಲಗೆ, ಮೊಳೆ, ಹೆಸರು ಕೊರೆದ ತಗಡಿನ ಬಿಲ್ಲೆಗಳು ಸಾಕು. ಬಿಲ್ಲೆ ಯಾವ ಮೊಳೆಯಲ್ಲಿದೆಯೋ ಮನುಷ್ಯ ಅಲ್ಲಿದ್ದಾನೆ, ಮೇಸ್ತ್ರಿ ಅದು ಬದಲಾದಾಗ ಹೊತ್ತು ಬರೆದುಕೊಳ್ಳುತ್ತಾನೆ. ಹತ್ತು ನಿಮಿಷಕ್ಕಿಂತ ಕಡಿಮೆಯ ಓಡಾಟವನ್ನು, ಅಂದರೆ ಬೋಲ್ಟ್ ತರಲು ಸ್ಟೋರಿಗೆ ಹೋದದ್ದು, ನೀರು ಕುಡಿದು ಬಂದದ್ದು, ಇಂಥವನ್ನು ಬರೆಯಬೇಡಿ ಎಂದು ನಾವೇ ಹೇಳಿದ್ದೇವೆ. ಹಾಗೆಯೇ ಸಮಯವನ್ನು ಕಾಲು ಗಂಟೆಗೆ ಸರಿಹೊಂದಿಸಿ ಬರೆಯುವ ಅಭ್ಯಾಸವನ್ನೂ ಬಿಡಿಸಿದೆವು. ದಿನಕ್ಕೆ ನಾಲ್ಕೈದು ಸಲ ಜಾಗ ಬದಲಿಸುವ ವೆಲ್ಡರನ ಲೆಕ್ಕದಲ್ಲಿ ಆ ಕಾಲು ಗಂಟೆಗಳು ಸೇರಿ ನಿಜವಾದ ದುಡಿಮೆಯನ್ನೇ ಮುಚ್ಚಿಹಾಕುತ್ತವೆ.

ಇನ್ನು ಮನುಷ್ಯರ ಸಂಗತಿ. ಬಾರ್‌ಕೋಡ್ ಬಂದ ದಿನ ನಮ್ಮ ಹಿರಿಯ ಫಿಟ್ಟರ್, ಎಲ್ಲರೂ ಕಾಕಾ ಎಂದು ಕರೆಯುವವರು, ನೇರವಾಗಿಯೇ ಕೇಳಿದರು: "ಇದು ಪಗಾರ ಕತ್ತರಿಸುವುದಕ್ಕೆ ಅಲ್ಲವೇ ಸರ್?" ಆ ಅನುಮಾನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಎಂಜಿನಿಯರ್ ಫ್ರೆಡರಿಕ್ ಟೇಲರ್ ಬೆಳೆಸಿದ, ಕೆಲಸಗಾರರ ಸಮಯ ಅಳೆಯುವ ಸ್ಟಾಪ್‌ವಾಚ್ ಪದ್ಧತಿಯನ್ನು ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರಕ್ಕೆ ತಂದಾಗ, 1911ರ ಆಗಸ್ಟ್‌ನಲ್ಲಿ ಅಲ್ಲಿನ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದಿದ್ದರು. ತನ್ನ ಮೇಲೆ ಗಡಿಯಾರ ಹಿಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾನು ಕಾಕಾ ಅವರಿಗೆ ಹೇಳಿದ್ದು ಇಷ್ಟು: "ಪಗಾರ ಹಾಜರಿಯಿಂದ ಕಾಕಾ. ಈ ಲೆಕ್ಕ ಗಿರಾಕಿಗೆ ದರ ಹೇಳುವುದಕ್ಕೆ." ಬಾಯಿಮಾತು ಸಾಲದೆಂದು ಮಾಲೀಕರಿಂದಲೇ ಬರೆಸಿ, ಸಹಿ ಹಾಕಿಸಿ, ಹಾಜರಿ ಯಂತ್ರದ ಪಕ್ಕದಲ್ಲಿ ಅಂಟಿಸಿದೆವು. ಆ ಮಾತನ್ನು ಇಂದಿಗೂ ಮುರಿದಿಲ್ಲ. ಯಾರ ವೇಗ ಎಷ್ಟು ಎಂಬ ಪಟ್ಟಿಯನ್ನು ನಾನು ತೆಗೆಯುವುದಿಲ್ಲ, ಕೇಳಿದರೂ ಕೊಡುವುದಿಲ್ಲ. ಒಂದು ಸಲ ಅಂಥ ಪಟ್ಟಿ ಹೊರಬಿದ್ದರೆ ಮರುದಿನದಿಂದ ಬರುವ ಒಂದೊಂದು ಅಂಕಿಯೂ ತನ್ನನ್ನು ಕಾಪಾಡಿಕೊಳ್ಳಲು ಬರೆದದ್ದಾಗಿರುತ್ತದೆ.

ಇನ್ನೊಂದು ಕಡೆಯಿಂದ ಬಂದ ಮಾತು ನನ್ನನ್ನು ಬಹಳ ತಟ್ಟಿತು. ಗ್ರೈಂಡಿಂಗ್ ಮಾಡುವ ಹೆಲ್ಪರ್ ಹುಡುಗನೊಬ್ಬ ಪರದೆಯ ಮುಂದೆ ನಿಂತು "ಸರ್, ನನ್ನ ಹೆಸರನ್ನೂ ಬರೆಯುತ್ತೀರಾ?" ಎಂದು ಕೇಳಿದ. ಅಲ್ಲಿಯವರೆಗೆ ಯಾವ ಜಾಬ್ ಕಾರ್ಡಿನಲ್ಲಿಯೂ ಹೆಲ್ಪರ್‌ಗಳ ಹೆಸರಿರಲಿಲ್ಲ. ಹಾಗಾಗಿ ದರ ಕಟ್ಟುವಾಗಲೂ ಅವರ ದುಡಿಮೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಲ್ಲರ ಸಾಲುಗಳು ಬರತೊಡಗಿದ ಮೇಲೆ ಕಂಡದ್ದು, ಎಲಿವೇಟರಿನ ಕಾಲುಗಳ ಜೋಡಣೆಯಲ್ಲಿ ಹೆಚ್ಚು ಗಂಟೆ ಹೋಗುವುದು ಬೆಸುಗೆಗಲ್ಲ, ಹಿಡಿದು ತಿರುಗಿಸುವುದಕ್ಕೆ ಮತ್ತು ಗ್ರೈಂಡಿಂಗಿಗೆ. ಇದನ್ನು ತೋರಿಸಿದ ಮೇಲೆ ಮಾಲೀಕರು ಕಾಲುಗಳನ್ನು ಮಲಗಿಸಿ ತಿರುಗಿಸುವ ಒಂದು ಸ್ಟ್ಯಾಂಡ್ ಮಾಡಿಸಿದರು. ವೆಲ್ಡರ್ ಹೆಚ್ಚು ಬೇಗ ಬೆಸುಗೆ ಹಾಕಲಿ ಎಂದು ಎಷ್ಟು ಒತ್ತಾಯಿಸಿದ್ದರೂ ಆ ಉಳಿತಾಯ ಸಿಗುತ್ತಿರಲಿಲ್ಲ.

ಪ್ರತಿ ಸಂಜೆ ನಾನು ಮಾಡುವ ತಾಳೆ ಒಂದಿದೆ. ಒಬ್ಬರ ಎಲ್ಲ ಸಾಲುಗಳನ್ನು ಕೂಡಿಸಿ ಊಟದ ಬಿಡುವು ಕಳೆದ ಹಾಜರಿಯ ಜೊತೆ ಇಟ್ಟು ನೋಡುತ್ತೇನೆ. ಹಾಜರಿಗಿಂತ ಹೆಚ್ಚಾಗಿದ್ದರೆ ಎಲ್ಲೋ ಎರಡು ಸಲ ಬಿದ್ದಿದೆ. ಕಡಿಮೆಯಿದ್ದರೆ ನಾನು ಗಾಬರಿಯಾಗುವುದಿಲ್ಲ, ಸ್ವಲ್ಪ ಕಡಿಮೆ ಇರಲೇಬೇಕು. ಪ್ಲೇಟ್ ಬಂದಿಲ್ಲ, ಕ್ರೇನ್ ಇನ್ನೊಬ್ಬರ ಬಳಿ ಇದೆ, ಕರೆಂಟ್ ಹೋಗಿದೆ, ಡ್ರಾಯಿಂಗಿನಲ್ಲಿ ಅಳತೆ ಸ್ಪಷ್ಟವಿಲ್ಲ: ಇಂಥ ಕಾಯುವಿಕೆಗೆ ನಾಲ್ಕೇ ನಾಲ್ಕು ಸಂಕೇತ ಇಟ್ಟಿದ್ದೇವೆ. ಯಾರದಾದರೂ ಲೆಕ್ಕ ದಿನವೂ ಹಾಜರಿಗೆ ಸರಿಸಮವಾಗಿ ಬಂದರೆ, ಅದು ಸಂಜೆ ಕುಳಿತು ತುಂಬಿಸಿದ ಲೆಕ್ಕ ಎಂದೇ ತಿಳಿಯುತ್ತೇನೆ. ಅವರನ್ನು ಗದರಿಸುವುದಿಲ್ಲ, ಬಾರ್‌ಕೋಡ್ ಓದುವ ಯಂತ್ರ ಅವರ ಜಾಗದಿಂದ ದೂರವಿದೆಯೇ ಎಂದು ಮೊದಲು ನೋಡುತ್ತೇನೆ.

ಸೀಸನ್ನಿನಲ್ಲಿ ಇನ್ನೊಂದು ತೊಡಕು ಬರುತ್ತದೆ. ಯಾವುದೋ ಮಿಲ್ಲಿನಲ್ಲಿ ಎಲಿವೇಟರ್ ನಿಂತಿತು ಎಂದು ಫೋನ್ ಬಂದರೆ ವೆಲ್ಡರ್ ಕೈಯಲ್ಲಿದ್ದುದನ್ನು ಬಿಟ್ಟು ಗಾಡಿ ಹತ್ತುತ್ತಾನೆ. ಅವನ ಸಾಲು ಟೇಬಲ್ಲಿನಲ್ಲಿ ತೆರೆದೇ ಉಳಿಯುತ್ತದೆ, ಬೆಳಗ್ಗೆ ನೋಡಿದರೆ ರಾತ್ರಿಯಿಡೀ ಬೆಸುಗೆ ಹಾಕಿದಂತೆ ಕಾಣುತ್ತದೆ. ಪಾಳಿ ಮುಗಿದೊಡನೆ ತಾನಾಗಿ ಮುಚ್ಚುವಂತೆ ಮಾಡಿ ಎಂದು ಸಾಫ್ಟ್‌ವೇರಿನವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಊಹಿಸಿ ಮುಚ್ಚಿದ ಸಾಲು ನಿಜವಾದ ಸಾಲಿನಂತೆಯೇ ಕಾಣುತ್ತದೆ, ಆಮೇಲೆ ಅದನ್ನು ಹುಡುಕಲಾಗುವುದಿಲ್ಲ. ತೆರೆದುಳಿದ ಸಾಲುಗಳು ಕೆಂಪು ಬಣ್ಣದಲ್ಲಿ ಬೇರೆ ಪಟ್ಟಿಗೆ ಬರುತ್ತವೆ, ಮೇಸ್ತ್ರಿ ಬೆಳಗ್ಗೆ ಆ ವ್ಯಕ್ತಿಯನ್ನೇ ಕೇಳಿ ಮುಚ್ಚುತ್ತಾರೆ. ರಾತ್ರಿ ಪಾಳಿಯ ಕೆಲಸ ನಡುರಾತ್ರಿ ದಾಟಿದರೂ ಪಾಳಿ ಶುರುವಾದ ದಿನದ ಲೆಕ್ಕಕ್ಕೇ ಸೇರುತ್ತದೆ.

ಓವರ್‌ಟೈಮಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಎಂಬುದು 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂನಲ್ಲಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಎರಡು ಪಟ್ಟೇ ಇದೆ. ಆ ಹೆಚ್ಚುವರಿ ದುಡ್ಡನ್ನು ಸಂಜೆಯ ಮೇಲೆ ಟೇಬಲ್ಲಿಗೆ ಬಂದ ಕೆಲಸದ ಮೇಲೆ ಹೇರುವುದು ನ್ಯಾಯವಲ್ಲ. ಅದು ಸಂಜೆಗೆ ಬಿದ್ದದ್ದು ಬೆಳಗ್ಗೆ ಬೇರೆ ಕೆಲಸ ಜಾಗ ಹಿಡಿದಿದ್ದರಿಂದ. ಗಿರಾಕಿಯೇ ತುರ್ತು ಎಂದು ಕೇಳಿದ್ದರೆ ಮಾತ್ರ ಅದನ್ನು ಆ ಕೆಲಸಕ್ಕೆ ಹಾಕುತ್ತೇವೆ, ಉಳಿದದ್ದು ಕಾರ್ಖಾನೆಯ ಒಟ್ಟು ಖರ್ಚು.

ಹಾಗೆಯೇ ನಮ್ಮ ಬಿಸಿಲನ್ನು ಮರೆತು ಗಂಟೆಗಳನ್ನು ಹೋಲಿಸಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಸೀಮೆ ಇದು. ತಗಡಿನ ಶೆಡ್ಡಿನೊಳಗೆ ವೆಲ್ಡಿಂಗ್ ಜಾಕೆಟ್ ತೊಟ್ಟವನಿಗೆ ಮಧ್ಯಾಹ್ನ ಎರಡರ ಹೊತ್ತಿಗೆ ಹೇಗಿರುತ್ತದೆ ಎಂಬುದನ್ನು ಆ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಂತೇ ತಿಳಿಯಬೇಕು. ಮೇ ತಿಂಗಳ ಎಲಿವೇಟರನ್ನು ಡಿಸೆಂಬರಿನ ಎಲಿವೇಟರಿನ ಪಕ್ಕದಲ್ಲಿಟ್ಟು "ಏಕೆ ತಡ" ಎಂದು ಕೇಳುವ ವರದಿ ನಮ್ಮಲ್ಲಿ ಇಲ್ಲ. ಬೇಸಿಗೆಗೆ ಬೇಸಿಗೆಯ ಜೊತೆಯೇ ಹೋಲಿಕೆ.

ಈಗ ಇದೇ ಕ್ರಮವನ್ನು ಎಮರಿ ವಿಭಾಗಕ್ಕೆ ತರುತ್ತಿದ್ದೇವೆ. ಅಲ್ಲಿಯ ಸ್ವಭಾವ ಬೇರೆ. ರೋಲರಿಗೆ ಎಮರಿ ಹಚ್ಚಲು ಇಬ್ಬರು ಬೇಕು, ಹಚ್ಚಿದ ಮೇಲೆ ಅದು ಗಟ್ಟಿಯಾಗುವವರೆಗೆ ರೋಲರ್ ಸ್ಟ್ಯಾಂಡಿನ ಮೇಲೆಯೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಅಂದರೆ ಜಾಗ ಹಿಡಿದಿದೆ, ಆಳು ಒಬ್ಬರೂ ಇಲ್ಲ. ಜನರ ಸಾಲುಗಳಿಂದ ಜಾಗದ ಸಮಯ ಹೊರಡಿಸುವ ನಮ್ಮ ಲೆಕ್ಕದಲ್ಲಿ ಆ ಸ್ಟ್ಯಾಂಡ್ ಖಾಲಿ ಎಂದು ಕಾಣುತ್ತದೆ, ಯೋಜನೆ ಹಾಕುವವರು ಇನ್ನೊಂದು ರೋಲರನ್ನು ಅಲ್ಲಿಗೆ ಕಳುಹಿಸುತ್ತಾರೆ. ಅದಕ್ಕಾಗಿ ಸ್ಟ್ಯಾಂಡಿಗೇ ಒಂದು ಬಾರ್‌ಕೋಡ್ ಕೊಟ್ಟಿದ್ದೇವೆ. ಕೊನೆಯವನು ತನ್ನ ಚೀಟಿ ತೋರಿಸಿ ಬಿಡುವಾಗ ಸ್ಟ್ಯಾಂಡಿನದನ್ನೂ ತೋರಿಸಿದರೆ "ಒಣಗುತ್ತಿದೆ" ಎಂಬ ಸಾಲು ತೆರೆದುಕೊಳ್ಳುತ್ತದೆ, ರೋಲರ್ ಇಳಿಸಿದಾಗ ಮುಚ್ಚುತ್ತದೆ. ಇಳಿಸುವವರು ಅದನ್ನು ಮುಚ್ಚಲು ಮರೆಯದಂತೆ ಏನು ಮಾಡಬೇಕು ಎಂಬ ಮಾತು ಕಾಕಾ ಅವರ ಜೊತೆ ನಡೆದಿದೆ. ಬಾರ್‌ಕೋಡ್ ಓದುವ ಯಂತ್ರವನ್ನು, ರೋಲರ್ ಎತ್ತಿಳಿಸುವ ಚೈನ್ ಪುಲ್ಲಿ ಬ್ಲಾಕಿನ ಕಂಬಕ್ಕೇ ಕಟ್ಟಿ ಎನ್ನುತ್ತಾರೆ ಅವರು, ಏಕೆಂದರೆ ರೋಲರ್ ಇಳಿಸುವ ಯಾರೇ ಆದರೂ ಆ ಕಂಬದ ಬಳಿ ನಿಲ್ಲಲೇಬೇಕು.