ಸೀಟಿನ ಕಲೆಗೆ ಏನು ಹಾಕಬೇಕು ಅಂತ ಕೇಳುವವರಿಗೆ

ಕಾರಿನ ಒಳಭಾಗ ಕ್ಲೀನ್ ಮಾಡುವುದು ನನ್ನ ಕೆಲಸ. ಅದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಬಟ್ಟೆ ಸೀಟಿನ ಮೇಲೆ ಕಲೆ ಆಗಿದೆ, ಏನ್ಮಾಡಿದ್ರೂ ಹೋಗ್ತಿಲ್ಲ. ಏನು ಹಾಕ್ಬೇಕು?"

ಜೊತೆಗೊಂದು ಫೋಟೊ ಬರುತ್ತದೆ. ಅದರಲ್ಲಿ ಕಂದು ಬಣ್ಣದ ಒಂದು ಮಚ್ಚೆ. ಏನು ಚೆಲ್ಲಿತು ಅಂತ ಹೇಳುವುದಿಲ್ಲ, ಯಾವಾಗ ಚೆಲ್ಲಿತು ಅಂತಲೂ ಹೇಳುವುದಿಲ್ಲ. ಅದರ ಮೇಲೆ ಈಗಾಗಲೇ ಏನೇನು ಸುರಿದು ಉಜ್ಜಿದ್ದಾರೆ ಅನ್ನುವುದರ ಬಗ್ಗೆಯಂತೂ ಬಾಯೇ ಬಿಡುವುದಿಲ್ಲ. ಉತ್ತರ ಮಾತ್ರ ಒಂದೇ ಪದದಲ್ಲಿ ಬೇಕು. ನಾನು ವಿನೆಗರ್ ಅನ್ನಬೇಕು, ಇಲ್ಲವೇ ಅಡುಗೆ ಸೋಡಾ ಅನ್ನಬೇಕು.

ನಾನು ಅನ್ನುವುದಿಲ್ಲ. ಕಾಫಿಗೂ ರಕ್ತಕ್ಕೂ ಎಣ್ಣೆಗೂ ಸೇರಿ ಒಂದೇ ಮದ್ದು ಇಲ್ಲ. ಒಂದಕ್ಕೆ ಸರಿಹೋಗುವುದು ಇನ್ನೊಂದನ್ನು ಕೆಡಿಸುತ್ತದೆ.

ಹಾಲು, ರಕ್ತ, ವಾಂತಿ ಇವುಗಳಲ್ಲಿ ಪ್ರೋಟೀನ್ ಇರುತ್ತದೆ. ಇವಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಪ್ರೋಟೀನನ್ನು ಒಡೆಯುವ ಎಂಜೈಮ್ ಇರುವ ಕ್ಲೀನರ್ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಎಂಜೈಮ್ ಕೆಲಸ ಮಾಡಲು ಸಮಯ ಬೇಕು. ಹಾಕಿದ ತಕ್ಷಣ ಒರೆಸಿದರೆ ದುಡ್ಡು ದಂಡ.

ಕಾಫಿ, ಟೀ ಕಲೆಗೆ ನೀರಿನಲ್ಲಿ ನಾಲ್ಕು ಹನಿ ಲಿಕ್ವಿಡ್ ಡಿಟರ್ಜೆಂಟ್, ಸ್ವಲ್ಪ ಬಿಳಿ ವಿನೆಗರ್ ಸಾಕು. ಸೋಪಿನ ಬಿಲ್ಲೆಯಿಂದ ಮಾತ್ರ ಉಜ್ಜಬೇಡಿ, ಅದು ಈ ಕಲೆಯನ್ನು ಇನ್ನೂ ಗಟ್ಟಿ ಮಾಡುತ್ತದೆ. ಎಣ್ಣೆ, ಗ್ರೀಸ್ ಆದರೆ ಮೊದಲು ನೀರೇ ಬೇಡ. ಕಾರ್ನ್ ಫ್ಲೋರ್ ಉದುರಿಸಿ, ಅದು ಎಣ್ಣೆ ಹೀರಿಕೊಂಡ ಮೇಲೆ ವ್ಯಾಕ್ಯೂಮ್ ಮಾಡಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿ. ಸೀಟಿನ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ಪಾಲಿಯೆಸ್ಟರಿಗೆ ನೀರಿಗಿಂತ ಎಣ್ಣೆ ಇಷ್ಟ, ಅದಕ್ಕೇ ಇದು ಬೇಗ ಬಿಡುವುದಿಲ್ಲ. ಬಾಲ್ ಪೆನ್ ಇಂಕಿಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಅದನ್ನು ಸೀಟಿಗೆ ಸುರಿಯಬೇಡಿ, ಬಿಳಿ ಬಟ್ಟೆಗೆ ಹಾಕಿ ಒತ್ತಿ. ಇಂಕು ಬಟ್ಟೆಗೆ ಹತ್ತಿದ ಹಾಗೆಲ್ಲ ಬಟ್ಟೆಯ ಮಗ್ಗುಲು ಬದಲಾಯಿಸಿ. ಕೆಸರು ಪೂರ್ತಿ ಒಣಗಲಿ, ಆಮೇಲೆ ಮುಟ್ಟಿ. ಏನೇ ಹಾಕುವುದಿದ್ದರೂ ಮೊದಲು ಕಣ್ಣಿಗೆ ಕಾಣದ ಮೂಲೆಯಲ್ಲಿ ಹಾಕಿ, ಬಣ್ಣ ಬಿಡುತ್ತದಾ ನೋಡಿ.

ಇನ್ನು ಆ ವಿನೆಗರ್, ಸೋಡಾ ಜೋಡಿ. ಎರಡನ್ನೂ ಒಟ್ಟಿಗೆ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ, ಜನ ಅದನ್ನು ನೋಡಿಯೇ ನಂಬಿಬಿಡುತ್ತಾರೆ. ಆ ನೊರೆ ಬರೀ ಕಾರ್ಬನ್ ಡೈ ಆಕ್ಸೈಡ್. ಆಮ್ಲ, ಕ್ಷಾರ ಎರಡೂ ಒಂದನ್ನೊಂದು ತಿಂದುಹಾಕಿ, ಕೊನೆಗೆ ಉಳಿಯುವುದು ಒಂದು ಥರದ ಉಪ್ಪುನೀರು. ವಾಸನೆ ಹೀರಲು ಸೋಡಾ ಒಂದನ್ನೇ ಉದುರಿಸಿ, ಕಾಫಿ ಕಲೆಗೆ ಸೋಡಾ ಸೇರಿಸದೆ ವಿನೆಗರ್ ಹಾಕಿ, ಎರಡೂ ಸರಿ. ಬ್ಲೀಚ್ ಜೊತೆ ಮಾತ್ರ ವಿನೆಗರ್ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕಾರಿನೊಳಗೆ ಅದು ಪ್ರಾಣಕ್ಕೇ ಅಪಾಯ.

ಒಬ್ಬರು ಹಿಂದಿನ ಸೀಟಿನ ಹಾಲಿನ ಕಲೆ ತೋರಿಸಲು ಕಾರು ತಂದಿದ್ದರು. ಬಿಸಿನೀರು ಸುರಿದಾಗಿತ್ತು. ಮೇಲೆ ಬಟ್ಟೆ ಒಗೆಯುವ ಪುಡಿ ಹಾಕಿ ಬ್ರಷ್‌ನಲ್ಲಿ ತಿಕ್ಕಿ, ಸೆಂಟ್ ಹೊಡೆದು, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ್ದರು. ನಾನು ಒದ್ದೆ ಟವೆಲ್ ಇಟ್ಟು ಅಂಗೈಯಲ್ಲಿ ಒತ್ತಿದೆ. ಟವೆಲಿನ ಅಂಚಿನಿಂದ ಬೂದು ಬಣ್ಣದ ನೊರೆ ಉಕ್ಕಿ ಬಂತು. ನೀರು ಹಾಕಿ, ಅದನ್ನು ಹೀರುವ ಮಷಿನ್‌ನಲ್ಲಿ ಎಳೆದೆ, ಮತ್ತೆ ನೊರೆ. ಎಷ್ಟು ಸಲ ಎಳೆದರೂ ನೊರೆ. ತಿಕ್ಕಿದ ಜಾಗದಲ್ಲಿ ನೂಲು ಹರಿದು ಜುಂಗು ಎದ್ದಿತ್ತು. ಅವರು ಪಕ್ಕದಲ್ಲೇ ನಿಂತು, "ಇದಕ್ಕಿಂತ ಸ್ಟ್ರಾಂಗ್ ಕೆಮಿಕಲ್ ಇಲ್ವಾ ನಿಮ್ಮತ್ರ?" ಅಂದರು. ನನಗೆ ಸಿಟ್ಟೇ ಬಂತು. ಅವತ್ತು ನಾನು ಜಾಸ್ತಿ ಹೊತ್ತು ತೆಗೆದದ್ದು ಹಾಲನ್ನಲ್ಲ, ಅವರು ಹಾಕಿದ್ದ ಸೋಪನ್ನು. ಒಳಗೆ ಉಳಿದ ಸೋಪು ಅಂಟಂಟಾಗಿರುತ್ತದೆ. ಕೂತವರ ಬಟ್ಟೆಯ ಧೂಳನ್ನೆಲ್ಲ ಹಿಡಿದು, ಕಲೆ ಮೊದಲಿಗಿಂತ ಕಪ್ಪಾಗುತ್ತದೆ. ಇಂಥ ಸೀಟಿಗೆ ಇನ್ನೊಂದು ಕೆಮಿಕಲ್ ಹೇಳಿ ಅಂದರೆ ನಾನು ಹೇಗೆ ಹೇಳಲಿ?

ನನ್ನನ್ನು ಕೇಳಬೇಕಾದದ್ದು ಬೇರೆಯೇ ಇದೆ. ಹೋದ ಕಲೆ ಒಣಗಿದ ಮೇಲೆ ಯಾಕೆ ವಾಪಸ್ ಬರುತ್ತದೆ? ಇದನ್ನು ಯಾರಾದರೂ ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಕೂತು ಹೇಳುತ್ತೇನೆ.

ಬಟ್ಟೆಯ ಕೆಳಗೆ ದಪ್ಪ ಫೋಮ್ ಇದೆ. ಚೆಲ್ಲಿದ್ದು ಬಟ್ಟೆಯಲ್ಲಿ ಸ್ವಲ್ಪವೇ ನಿಲ್ಲುತ್ತದೆ, ಉಳಿದದ್ದು ಫೋಮಿಗೆ ಇಳಿಯುತ್ತದೆ. ನಾವು ಮೇಲಷ್ಟೇ ತಿಕ್ಕಿ ಹೋಯಿತು ಅಂದುಕೊಳ್ಳುತ್ತೇವೆ. ಒಣಗುವಾಗ ಕೆಳಗಿನ ನೀರು ಬಟ್ಟೆಯ ಮೂಲಕವೇ ಮೇಲೆ ಬರಬೇಕು. ಬರುವಾಗ ಕೊಳೆಯನ್ನೂ ಹೊತ್ತು ತರುತ್ತದೆ, ನೀರು ಆರಿ ಹೋಗುತ್ತದೆ, ಕೊಳೆ ಮೇಲೆ ಉಳಿಯುತ್ತದೆ. ಒದ್ದೆಯ ಅಂಚಿನಲ್ಲಿ ಬಳೆಯಂತೆ ಕಾಣುವ ಗೆರೆಯೂ ಹೀಗೇ ಆಗುವುದು. ಹಾಗಾಗಿ ಮುಖ್ಯ ಕೆಲಸ ಹಾಕುವುದಲ್ಲ, ಹೊರಗೆ ತೆಗೆಯುವುದು. ನೀರು ಕಮ್ಮಿ ಬಳಸಿ, ತಿಕ್ಕದೆ ಒತ್ತಿ. ನೀರನ್ನೂ ಹೀರುವ ವೆಟ್ ವ್ಯಾಕ್ಯೂಮ್ ಇದ್ದರೆ ನಿಧಾನವಾಗಿ ಎಳೆಯಿರಿ, ಕೊನೆಯ ಸುತ್ತು ಬರೀ ನೀರಿನದ್ದಾಗಿರಲಿ. ಮಚ್ಚೆಯ ಜಾಗವನ್ನಷ್ಟೇ ಅಲ್ಲದೆ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೆ ಸೀಟಿನ ಬಟ್ಟೆಯನ್ನು ಪೂರ್ತಿ ಒಂದೇ ಸಮ ತೇವ ಮಾಡಿ, ಗೆರೆ ಬೀಳುವುದಿಲ್ಲ. ಆಮೇಲೆ ಒಣ ಬಿಳಿ ಟವೆಲ್ ಮಡಚಿಟ್ಟು, ಮೇಲೆ ಭಾರ ಹೇರಿ ರಾತ್ರಿ ಬಿಡಿ. ಮೇಲೆ ಬರುವ ಕೊಳೆ ಟವೆಲಿಗೆ ಹೋಗುತ್ತದೆ. ಬೆಳಿಗ್ಗೆ ಟವೆಲ್ ತೆಗೆದು ನೋಡಿ, ನಾನು ಹೇಳಿದ್ದು ಅರ್ಥವಾಗುತ್ತದೆ. ಆಮೇಲೆ ಬಾಗಿಲು ತೆಗೆದು ಫ್ಯಾನ್ ಹಚ್ಚಿ ಬೇಗ ಒಣಗಿಸಿ. ಫೋಮ್ ಒಂದೆರಡು ದಿನ ಒದ್ದೆಯಾಗೇ ಇದ್ದರೆ ಬೂಸ್ಟು ಹಿಡಿಯುತ್ತದೆ, ಆ ವಾಸನೆ ಕಲೆಗಿಂತ ಕಷ್ಟ. ಮುಂದಿನ ಸೀಟಿಗಂತೂ ನೀರು ಸುರಿಯಲೇಬಾರದು. ಎಷ್ಟೋ ಕಾರುಗಳಲ್ಲಿ ಕೂತವರನ್ನು ಗುರುತಿಸುವ ಸೆನ್ಸರ್, ವೈರುಗಳು ಅದರೊಳಗಿವೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಹೋಗುವುದಿಲ್ಲ. ಬ್ಲೀಚ್ ತಾಗಿ ಬೆಳ್ಳಗಾದ ಜಾಗ, ಬಿಸಿಲಿಗೆ ಮಾಸಿದ ಜಾಗ ಕಲೆಯೇ ಅಲ್ಲ. ಅಲ್ಲಿ ಬಣ್ಣವೇ ಹೋಗಿದೆ, ತೆಗೆಯಲು ಏನೂ ಇಲ್ಲ. ಆಗ ತಿಕ್ಕುವುದು ನಿಲ್ಲಿಸಿ, ಸೀಟಿನ ಬಟ್ಟೆಯನ್ನೇ ಬದಲಾಯಿಸಿ. ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಸೀಟಾದರೆ ಆ ಕೆಲಸವನ್ನು ಗೊತ್ತಿದ್ದವರಿಗೇ ಕೊಡಿ. ಏರ್‌ಬ್ಯಾಗ್ ಉಬ್ಬಿದಾಗ ಬಿಚ್ಚಿಕೊಳ್ಳಲಿ ಅಂತಲೇ ಅಲ್ಲಿನ ಹೊಲಿಗೆ ಬೇರೆ ಥರ ಇರುತ್ತದೆ, ಸುಮ್ನೆ ಗಟ್ಟಿ ದಾರದಲ್ಲಿ ಹೊಲಿದುಬಿಡುವ ಹಾಗಿಲ್ಲ.